ಕೊಂಬೆ ಚಾಚಿದ ಕಣ: ಕ್ಯಾನ್ಸರ್ ಲಸಿಕೆಯ ಕಥೆ

ಲಸಿಕೆ ಎಂದ ಕೂಡಲೇ ನೆನಪಾಗುವುದು ಪೋಲಿಯೋ, ದಡಾರ, ಕೋವಿಡ್. ಇವೆಲ್ಲ ರೋಗ ಬರದಂತೆ ತಡೆಯುವ ಲಸಿಕೆಗಳು. ಆದರೆ ಬಂದಿರುವ ಕ್ಯಾನ್ಸರನ್ನೇ ಎದುರಿಸುವ ಲಸಿಕೆಯೂ ಇದೆ. ಎಂ.ಟೆಕ್ ಮುಗಿಸಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನಗೆ ವೈದ್ಯಶಾಸ್ತ್ರ ದೂರವೇ. ಆದರೂ ಇದರ ಇತಿಹಾಸ ಓದಿದಾಗ ನಿಮ್ಮೊಂದಿಗೆ ಹಂಚಿಕೊಳ್ಳಬೇಕೆನಿಸಿತು.

1973ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ರಾಲ್ಫ್ ಸ್ಟೈನ್‌ಮನ್ ಮತ್ತು ಜಾನ್ವಿಲ್ ಕೋನ್ ಇಲಿಯ ಗುಲ್ಮದಲ್ಲಿ ಮರದ ಕೊಂಬೆಗಳಂತೆ ಕೈಚಾಚಿದ ಹೊಸ ಕಣವೊಂದನ್ನು ಕಂಡರು. ಮರ ಎಂಬ ಅರ್ಥದ ಗ್ರೀಕ್ ಪದದಿಂದ ‘ಡೆಂಡ್ರಿಟಿಕ್ ಕಣ’ ಎಂದು ಹೆಸರಿಟ್ಟರು. ಎಷ್ಟೋ ವಿಜ್ಞಾನಿಗಳು ಇದನ್ನು ಬಹುಕಾಲ ನಂಬಲಿಲ್ಲ. 1978ರಲ್ಲಿ ಸ್ಟೈನ್‌ಮನ್ ಮತ್ತು ಮಾರ್ಗರೆಟ್ ವಿಟ್ಮರ್ ಎಂಬ ಸಂಶೋಧಕಿ, ರೋಗನಿರೋಧಕ ಕಣಗಳನ್ನು ಎಚ್ಚರಿಸುವುದರಲ್ಲಿ ಇದು ಉಳಿದವಕ್ಕಿಂತ ಕನಿಷ್ಠ 100 ಪಟ್ಟು ಸಮರ್ಥ ಎಂದು ತೋರಿಸಿಕೊಟ್ಟರು.

ಇದರ ಕೆಲಸ ಊರ ಕಾವಲುಗಾರನದು. ಶತ್ರುವಿನ ಚೂರೊಂದನ್ನು ಹಿಡಿದು ತಂದು, ಸೈನಿಕರಾದ ಟಿ-ಕಣಗಳಿಗೆ ತೋರಿಸಿ ಗುರುತು ಹಿಡಿಸುತ್ತದೆ. ಕ್ಯಾನ್ಸರ್ ಕಣವಾದರೋ ನಮ್ಮದೇ ದೇಹದಲ್ಲಿ ಹುಟ್ಟಿದ್ದು. ಆದ್ದರಿಂದ ಸೈನ್ಯ ಸುಲಭವಾಗಿ ಮೋಸಹೋಗುತ್ತದೆ. ರೋಗಿಯ ಕಣಗಳನ್ನು ಹೊರತೆಗೆದು, ಗೆಡ್ಡೆಯ ಗುರುತು ಕಲಿಸಿ, ಮತ್ತೆ ದೇಹಕ್ಕೆ ಸೇರಿಸಿದರೆ? ಈ ಯೋಚನೆಯೇ ಲಸಿಕೆಯಾಯಿತು. 2010ರಲ್ಲಿ ಅಮೆರಿಕವು ಮುಂದುವರಿದ ಪ್ರಾಸ್ಟೇಟ್ ಕ್ಯಾನ್ಸರಿಗೆ ‘ಸಿಪ್ಯುಲ್ಯೂಸೆಲ್-ಟಿ’ಯನ್ನು ಒಪ್ಪಿತು. 512 ರೋಗಿಗಳ ಪರೀಕ್ಷೆಯಲ್ಲಿ ಅದು ಕೊಟ್ಟದ್ದು ಸುಮಾರು 4 ತಿಂಗಳ ಹೆಚ್ಚಿನ ಆಯುಸ್ಸು. ಪವಾಡವಲ್ಲ, ಆದರೆ ದಾರಿ ತೆರೆಯಿತು.

ವಿಧಿಯಾಟ ನೋಡಿ! 2007ರಲ್ಲಿ ಸ್ವತಃ ಸ್ಟೈನ್‌ಮನ್ ಅವರಿಗೇ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಬಂತು. ಶಸ್ತ್ರಚಿಕಿತ್ಸೆ, ಕೀಮೋಥೆರಪಿಯ ಜೊತೆಗೆ ತಮ್ಮದೇ ಡೆಂಡ್ರಿಟಿಕ್ ಕಣಗಳ ಲಸಿಕೆಯನ್ನೂ ಪ್ರಯೋಗವಾಗಿ ಪಡೆದರು. ನಾಲ್ಕೂವರೆ ವರ್ಷ ಬದುಕಿ, 2011ರ ಸೆಪ್ಟೆಂಬರ್ 30ರಂದು ತೀರಿಕೊಂಡರು. ಅಕ್ಟೋಬರ್ 3ರಂದು ಅವರಿಗೆ ನೊಬೆಲ್ ಘೋಷಣೆಯಾಯಿತು! ಮೃತರಿಗೆ ನೊಬೆಲ್ ಕೊಡುವ ಪದ್ಧತಿಯಿಲ್ಲ. ಸಮಿತಿಗೆ ಸಾವಿನ ಸುದ್ದಿ ತಿಳಿದಿರಲಿಲ್ಲವಾದ್ದರಿಂದ ಪ್ರಶಸ್ತಿಯನ್ನು ಹಾಗೆಯೇ ಉಳಿಸಿದರು. ಆ ವರ್ಷಗಳನ್ನು ಕೊಟ್ಟದ್ದು ಲಸಿಕೆಯೇ? ಒಬ್ಬ ರೋಗಿಯ ಉದಾಹರಣೆಯಿಂದ ಹಾಗೆನ್ನಲಾಗದು. ದತ್ತಾಂಶಗಳ ನಡುವೆಯೇ ದಿನ ಕಳೆಯುವ ನನಗೆ ಈ ಎಚ್ಚರ ಮುಖ್ಯವೆನಿಸುತ್ತದೆ.

ಗೆಳತಿಯರೇ, ‘ಕ್ಯಾನ್ಸರಿಗೆ ಲಸಿಕೆ ಬಂತು’ ಎಂಬ ವಾಟ್ಸಾಪ್ ಸಂದೇಶ ಕಂಡರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ತಡೆಯುವ ಲಸಿಕೆಯೋ, ಚಿಕಿತ್ಸೆಯ ಲಸಿಕೆಯೋ? ಚಿಕಿತ್ಸೆಯ ಲಸಿಕೆಗಳು ಇನ್ನೂ ಬೆಳೆಯುತ್ತಿವೆ. ಗರ್ಭಕಂಠದ ಕ್ಯಾನ್ಸರನ್ನು ತಡೆಯುವ ಎಚ್‌ಪಿವಿ ಲಸಿಕೆಯಂತೂ ಈಗಲೇ ಲಭ್ಯ. ಪುಣೆಯಲ್ಲೇ ತಯಾರಾಗುವ ‘ಸರ್ವಾವ್ಯಾಕ್’ 2023ರಲ್ಲಿ ಬಿಡುಗಡೆಯಾಗಿದೆ. ಮನೆಯ ಹೆಣ್ಣುಮಕ್ಕಳ ಬಗ್ಗೆ ಇಂದೇ ವೈದ್ಯರನ್ನು ಕೇಳೋಣ.