ಗೆರೆಯಲ್ಲಿ ಉಳಿದ ಅಂಬಾಸಿಡರ್

ಕಾರು ಬರೆಯುವುದನ್ನೇ ಬದುಕಾಗಿಸಿಕೊಂಡ ಚಿತ್ರಕಾರರು ಲೋಕದಲ್ಲಿದ್ದಾರೆ. ಫ್ರಾನ್ಸಿನ ಜಾಂ ಗ್ರಾತೋಂ 1957ರಲ್ಲಿ ಮಿಶೆಲ್ ವೈಯಾಂ ಎಂಬ ರೇಸ್ ಚಾಲಕನ ಚಿತ್ರಕಥೆ ಆರಂಭಿಸಿ, ದಶಕಗಳ ಕಾಲ ರೇಸ್ ಕಾರುಗಳನ್ನು ಬರೆದರು. ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಅಂಥ ಕಾರು ಪರಿಣತರಲ್ಲ. ಆದರೂ ನಮ್ಮ ದೇಶದ ಒಂದು ಕಾರಿನ ಕಾಲ ಅವರ ವ್ಯಂಗ್ಯಚಿತ್ರಗಳಲ್ಲಿ ಉಳಿದಿದೆ.

ಲಕ್ಷ್ಮಣ್ ಹುಟ್ಟಿದ್ದು 1921ರಲ್ಲಿ. ತಂದೆ ಮುಖ್ಯೋಪಾಧ್ಯಾಯರು, ಅಣ್ಣ ಕಾದಂಬರಿಕಾರ ಆರ್.ಕೆ. ನಾರಾಯಣ್. ಶಾಲೆಯಲ್ಲಿ ಬಾಲಕ ಬರೆದ ಅರಳಿ ಎಲೆಯನ್ನು ಮೇಷ್ಟ್ರು ಮೆಚ್ಚಿಕೊಂಡರು. ಮುಂದೆ ಮುಂಬೈನ ಜೆ.ಜೆ. ಕಲಾ ಶಾಲೆ ಪ್ರವೇಶ ನಿರಾಕರಿಸಿತು. ಅವರು ಮಹಾರಾಜ ಕಾಲೇಜಿಗೆ ಸೇರಿದರು. ರಾಶಿಯವರ ‘ಕೊರವಂಜಿ’ ಪತ್ರಿಕೆಗೆ ಚಿತ್ರ ಬರೆದರು. 1947ರಲ್ಲಿ ‘ಟೈಮ್ಸ್ ಆಫ್ ಇಂಡಿಯಾ’ ಸೇರಿದರು. 1951ರಲ್ಲಿ ಚೌಕಳಿ ಕೋಟು, ಪಂಚೆಯ ಶ್ರೀಸಾಮಾನ್ಯ ಬಂದ. ಅವನು ಮಾತಾಡುವುದಿಲ್ಲ, ನೋಡುತ್ತಾನೆ ಅಷ್ಟೆ.

ಅವನು ನೋಡಿದ್ದರಲ್ಲಿ ಮಂತ್ರಿಗಳ ಅಂಬಾಸಿಡರ್ ಕಾರೂ ಒಂದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯ ಈ ಕಾರು 1950ರ ದಶಕದ ಕೊನೆಯಿಂದ ಕೋಲ್ಕತ್ತ ಬಳಿಯ ಉತ್ತರಪಾರಾದಲ್ಲಿ ತಯಾರಾಗುತ್ತಿತ್ತು. ಲೈಸೆನ್ಸ್ ಪದ್ಧತಿಯ ಆ ಕಾಲದಲ್ಲಿ ದುಡ್ಡಿದ್ದವರೂ ಕಾರಿಗಾಗಿ ವರ್ಷಗಟ್ಟಲೆ ಕಾಯಬೇಕಿತ್ತು. ಆದ್ದರಿಂದ ಗುಂಡನೆಯ ಬಾನೆಟ್, ಎರಡು ದುಂಡು ದೀಪ, ಒಂದು ಪುಟ್ಟ ಬಾವುಟ ಬರೆದರೆ ಸಾಕು, ಅಧಿಕಾರ ಬಂತೆಂದು ಓದುಗನಿಗೆ ತಿಳಿಯುತ್ತಿತ್ತು. ಬೇರೆ ವಿವರಣೆ ಬೇಕಿರಲಿಲ್ಲ. ಗ್ರಾತೋಂ ಅವರ ಕಾರಿನ ವಿಷಯ ವೇಗ. ಲಕ್ಷ್ಮಣ್ ಅವರ ಕಾರಿನ ವಿಷಯ ಒಳಗೆ ಕುಳಿತವನಿಗೂ ರಸ್ತೆ ಬದಿಯಲ್ಲಿ ನಿಂತವನಿಗೂ ಇರುವ ದೂರ.

1983ರ ಕೊನೆಗೆ ಮಾರುತಿ 800 ಬಂದ ಮೇಲೆ ಮಧ್ಯಮ ವರ್ಗದವರೂ ಸ್ಟೇರಿಂಗ್ ಹಿಡಿದರು. 2014ರಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿತು. 2015ರ ಜನವರಿ 26ರಂದು ಲಕ್ಷ್ಮಣ್ ಪುಣೆಯಲ್ಲಿ ತೀರಿಕೊಂಡರು. ಎಷ್ಟು ಕಾರು ತಯಾರಾದವು ಎಂಬ ಲೆಕ್ಕ ಕಾರ್ಖಾನೆಯ ಕಡತದಲ್ಲಿ ಸಿಕ್ಕೀತು. ಆ ಕಾರು ಎದುರು ಬಂದಾಗ ಜನ ಹೇಗೆ ಸರಿದು ನಿಲ್ಲುತ್ತಿದ್ದರು ಎಂಬುದು ಯಾವ ಕಡತದಲ್ಲೂ ಇರುವುದಿಲ್ಲ, ಅದು ವ್ಯಂಗ್ಯಚಿತ್ರದಲ್ಲಿದೆ. ಚರಿತ್ರೆಗೆ ಎರಡೂ ಬೇಕು.

ಈ ಮಾತು ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಗೂ ಸಲ್ಲುತ್ತದೆ. ಕೊಬ್ಬರಿಯ ದರ ಎಪಿಎಂಸಿ ದಾಖಲೆಯಲ್ಲಿರುತ್ತದೆ. ಕಾಯಿ ತಿಂಗಳುಗಟ್ಟಲೆ ಒಣಗುವ ಅಟ್ಟ, ಕಾಯಿ ಸುಲಿಯುವವರ ಕೈ, ಹರಾಜಿನ ದಿನ ರೈತ ಮುಖ ನೋಡುವ ಬಗೆ ಅಲ್ಲಿರುವುದಿಲ್ಲ. ಎತ್ತಿನ ಗಾಡಿ ನಮ್ಮ ಕಣ್ಣೆದುರಿಗೇ ವಿರಳವಾಯಿತು. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಕ್ಯಾಮೆರಾ ಇದೆ, ನಿಜ. ಆದರೆ ಒಂದು ಗಾಡಿಯ ಗಾಲಿ ಬರೆಯಲು ಅದರ ಅರೆಕಾಲುಗಳನ್ನು ಎಣಿಸಲೇಬೇಕು. ಫೋಟೋಗೆ ಅದು ಬೇಕಿಲ್ಲ.

ನಮ್ಮ ಶಾಲೆಯ ಈ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ಗುರುಗಳಲ್ಲಿ ನನ್ನದೊಂದು ವಿನಂತಿ. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬಸ್ಸು, ಟ್ರ್ಯಾಕ್ಟರ್ ಬರೆಯುವ ಮಗುವನ್ನು ಗದರಿಸುವ ಮೊದಲು ಚಿತ್ರವನ್ನೊಮ್ಮೆ ನೋಡಿ. ಅರಳಿ ಎಲೆಯೊಂದನ್ನು ಮೆಚ್ಚಿದ ಮೇಷ್ಟ್ರು ಮಾಡಿದ್ದೂ ಅಷ್ಟನ್ನೇ.

— ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್