ಪಾಲಿನವನ ಧಣಿ ಯಾರು?

ಕಾಳಿ ನದಿ ಕಡಲು ಸೇರುವಲ್ಲಿರುವ ಮರಳ ದಂಡೆ ದೇವಬಾಗ. ಇಲ್ಲಿಯ ಚರಿತ್ರೆ ಅಂದರೆ ಸದಾಶಿವಗಡದ ಕೋಟೆ, ಸೋಂದೆಯ ಅರಸರು ಅಂತಲೇ ಶುರುಮಾಡ್ತಾರೆ. ಬಲೆ ಎಳೆದವರ ಚರಿತ್ರೆಯನ್ನು ನಾವೇ ಬರೆದುಕೊಳ್ಳಬೇಕು.

ಒಂದು ಕಾಲಕ್ಕೆ ಈ ದಂಡೆಗಳಲ್ಲಿ ರಂಪಣಿಯದೇ ರಾಜ್ಯ. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧಚಂದ್ರದಂತೆ ಬಿಟ್ಟುಬಂದು, ಎರಡೂ ತುದಿಯ ಹಗ್ಗ ಹಿಡಿದು ಹತ್ತಾರು ಜನ ದಂಡೆಗೆ ಎಳೆಯೋರು. ಬಂಗಡೆ, ತಾರ್ಲೆ ಬಿದ್ದರೆ ಪಾಲು, ಬೀಳದಿದ್ದರೆ ಬರಿಗೈ. ಬಲೆಗೂ ಪಾಲು, ದೋಣಿಗೂ ಪಾಲು. ಬಲೆಗೆ ಹೊಟ್ಟೆಯಿಲ್ಲ, ಆದರೂ ಅದರ ಪಾಲು ತೆಗೆದಿಡಬೇಕು! ಹಾಗಂತ ಇದನ್ನು ಪೂರಾ ಹಳಿಯಲಾರೆವು. ಹಲವು ರಂಪಣಿಗಳು ಕೂಡಿ ಕಟ್ಟಿದ ಬಲೆಗಳು; ಎಳೆಯುವವನದೂ ಅದರಲ್ಲಿ ನೂಲಿತ್ತು. ಮೀನು ಬೀಳುತ್ತಿದ್ದುದು ಎಲ್ಲರ ಕಣ್ಣೆದುರಿಗೆ.

1970ರ ದಶಕದ ನಡುವಿನಲ್ಲಿ ಕರ್ನಾಟಕದ ಕರಾವಳಿಗೆ ಪರ್ಸೀನ್ ಬಂತು. ಮೀನು ದಂಡೆಗೆ ಬರುವ ಮೊದಲೇ ಯಂತ್ರದೋಣಿ ಸುತ್ತುಗಟ್ಟಿ ಹಿಡಿಯಿತು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಬಲೆಯಲ್ಲಿ ನೂಲಿದ್ದ ಅನೇಕರು ಬೇರೆಯವರ ಬೋಟಿಗೆ ಕಲಾಸಿಗಳಾದರು. ಬಂಡವಾಳ ಬದಲಾಯ್ತು, ಡೀಸೆಲ್ ಬಂತು. 'ಪಾಲು' ಎಂಬ ಮಾತು ಮಾತ್ರ ಹಾಗೇ ಉಳಿಯಿತು. ಈಗ ಖರ್ಚು ಕಳೆದ ಮೇಲೆ ಪಾಲು. ಆ ಖರ್ಚು ಬರೆಯೋರು ಯಾರು? ಕೂಲಿ ಕೇಳಿದರೆ 'ನೀನು ಪಾಲಿನವನು', ಲೆಕ್ಕ ಕೇಳಿದರೆ 'ನೀನು ಕೂಲಿಯವನು'. ಜೀತದಾಳಿಗೆ 'ನೀನು ಮನೆಮಗ' ಅಂತ ಹೇಳಿ ಕೂಲಿ ನುಂಗಿದ್ದೂ ಇದೇ ಜಾಣತನ ಅಲ್ಲವೆ? 1976ರ ಕಾಯ್ದೆ ಜೀತವನ್ನಾದರೂ ಅಪರಾಧ ಅಂದಿತು.

ಈ ಉಪಾಯಕ್ಕೆ ದೊಡ್ಡ ವಂಶಾವಳಿಯೇ ಇದೆ. 1906ರ ಬ್ರಿಟಿಷ್ ಕಾರ್ಮಿಕ ಪರಿಹಾರ ಕಾಯ್ದೆ ನಾವಿಕರನ್ನು ಒಳಗೆ ಕರೆದುಕೊಂಡಿತು. ಮೀನುದೋಣಿಯಲ್ಲಿ ಪಾಲಿಗೆ ದುಡಿಯುವವರನ್ನು ಮಾತ್ರ ಹೊರಗೇ ನಿಲ್ಲಿಸಿತು. ಲಾಭದಲ್ಲಿ ಪಾಲುಂಟಲ್ಲ, ಆದ್ದರಿಂದ ಸತ್ತರೆ ಧಣಿಗೆ ಹೊಣೆಯಿಲ್ಲ!

ಅಂಕೋಲೆಯ ದಿನಕರ ದೇಸಾಯರನ್ನು ಶಾಲೆಯಲ್ಲಿ ಚುಟುಕದ ಕವಿ ಅಂತ ಕಲಿಸ್ತೇವೆ. ಮುಂಬಯಿಯಲ್ಲಿ ಹಡಗು ಕಾರ್ಮಿಕರ ನಡುವೆ ದುಡಿದು, 1940ರಲ್ಲಿ ಅವರ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕವನ್ನೇ ಬರೆದವರು ಅಂತ ಎಷ್ಟು ಮೇಷ್ಟರು ಹೇಳ್ತಾರೆ? ಹಡಗಿನವನಿಗೆ ಕರಾರುಪತ್ರವಿತ್ತು. ಅದು ಕೆಟ್ಟದ್ದೇ ಇರಲಿ, ಹಿಡಿದು ಜಗಳಾಡಲು ಒಂದು ಕಾಗದ. ಪಾಲಿನವನ ಕೈಯಲ್ಲಿದ್ದುದು ಹಗ್ಗದ ಗಾಯ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2007ರಲ್ಲಿ ತನ್ನ 188ನೇ ಒಡಂಬಡಿಕೆಯಲ್ಲಿ, ಪಾಲಿಗೆ ದುಡಿಯುವವನೂ ಮೀನು ಕಾರ್ಮಿಕನೇ ಅಂತ ಬರೆಯಿತು: ಅವನಿಗೆ ಬರಹದ ಕರಾರು ಬೇಕು, ವಿಶ್ರಾಂತಿ ಬೇಕು, ಗಾಯವಾದರೆ ಔಷಧ, ಪರಿಹಾರ ಬೇಕು. 2017ರಲ್ಲಿ ಅದು ಜಾರಿಗೆ ಬಂತು. ಭಾರತ ಇನ್ನೂ ಅನುಮೋದಿಸಿಲ್ಲ.

ನಮ್ಮಲ್ಲಿ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಂತ್ರದೋಣಿಗಳು ಕಡಲಿಗಿಳಿಯುವಂತಿಲ್ಲ. ದುಡಿಮೆಯಿಲ್ಲದ ದಿನಗಳಿಗೆಂದು ಉಳಿತಾಯ-ಪರಿಹಾರ ಯೋಜನೆಯೊಂದಿದೆ. ಅದರಲ್ಲಿ ಮೀನುಗಾರನದೊಂದು ಕಂತು, ರಾಜ್ಯ ಸರಕಾರದ್ದೊಂದು, ಕೇಂದ್ರದ್ದೊಂದು. ಬೋಟಿನ ಧಣಿಯ ಕಂತಿಗೆ ಅಲ್ಲಿ ಜಾಗವನ್ನೇ ಬಿಟ್ಟಿಲ್ಲ.