ಗಾಳಿಯ ವೇಗ '40 ನಾಟ್' ಅಂದರೆ ಗಂಟೆಗೆ 40 ಕಿ.ಮೀ. ಅಲ್ಲ!

ಚಂಡಮಾರುತದ ಸುದ್ದಿ ಬಂದ ಕೂಡಲೇ ವಾಟ್ಸಾಪ್ ಗುಂಪುಗಳಲ್ಲಿ ಮುನ್ನೆಚ್ಚರಿಕೆಯ ಸಂದೇಶಗಳು ಹರಿದಾಡುತ್ತವೆ. ಅದರಲ್ಲಿ 'ಗಾಳಿಯ ವೇಗ 40 ನಾಟ್' ಎಂದಿದ್ದರೆ 40 ಕಿಲೋಮೀಟರ್ ಎಂದು ಓದಿಬಿಡುವುದು ಸುಲಭ. ಆದರೆ ಎರಡೂ ಒಂದೇ ಅಲ್ಲ. ಹಾಗಾದರೆ ನಾಟ್ ಎಂದರೇನು? ನೋಡೋಣ.

ನಾಟ್ ಎಂದರೆ ಎಷ್ಟು ವೇಗ?

ಒಂದು ಗಂಟೆಯಲ್ಲಿ ಒಂದು ನಾಟಿಕಲ್ ಮೈಲಿ ಸಾಗುವ ವೇಗವೇ ಒಂದು ನಾಟ್. ನಾಟಿಕಲ್ ಮೈಲಿ ಎಂದರೆ 1,852 ಮೀಟರ್. ಈ ಅಳತೆಯನ್ನು 1929ರಲ್ಲಿ ಮೊನಾಕೊದಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನ ನಿಗದಿಪಡಿಸಿತು. ಆದ್ದರಿಂದ 1 ನಾಟ್ ಎಂದರೆ ಗಂಟೆಗೆ 1.852 ಕಿ.ಮೀ. 'ಗಂಟೆಗೆ' ಎಂಬುದು ನಾಟ್‌ನೊಳಗೇ ಇರುವುದರಿಂದ 'ಗಂಟೆಗೆ 40 ನಾಟ್' ಎಂದು ಬರೆಯುವುದೂ ತಪ್ಪು.

ಈ ಹೆಸರು ಬಂದದ್ದು ಹೇಗೆ?

ಇಂಗ್ಲಿಷ್‌ನಲ್ಲಿ ನಾಟ್ ಎಂದರೆ ಗಂಟು. ಹಿಂದೆ ನಾವಿಕರು ಸಮಾನ ಅಂತರದಲ್ಲಿ ಗಂಟು ಹಾಕಿದ ಹಗ್ಗಕ್ಕೆ ಮರದ ತುಂಡು ಕಟ್ಟಿ, ಚಲಿಸುವ ಹಡಗಿನಿಂದ ನೀರಿಗೆ ಬಿಡುತ್ತಿದ್ದರು. ಮರಳು ಗಡಿಯಾರ ಖಾಲಿಯಾಗುವಷ್ಟರಲ್ಲಿ ಎಷ್ಟು ಗಂಟು ಕೈಯಿಂದ ಜಾರಿದವೋ, ಹಡಗಿನ ವೇಗ ಅಷ್ಟು ನಾಟ್. ಇಂದು ಹಡಗು ಮಾತ್ರವಲ್ಲ, ವಿಮಾನದ ವೇಗವನ್ನೂ ನಾಟ್‌ನಲ್ಲೇ ಹೇಳುತ್ತಾರೆ.

ತಪ್ಪಾಗಿ ಓದಿದರೆ ಏನಾಗುತ್ತದೆ?

40 ನಾಟ್ ಎಂದರೆ ಗಂಟೆಗೆ ಸುಮಾರು 74 ಕಿ.ಮೀ. ಭಾರತೀಯ ಹವಾಮಾನ ಇಲಾಖೆಯ ವರ್ಗೀಕರಣದಲ್ಲಿ 62ರಿಂದ 88 ಕಿ.ಮೀ. (34–47 ನಾಟ್) ವೇಗದ ಗಾಳಿ ಇದ್ದರೆ ಅದು ಚಂಡಮಾರುತ. ಗಂಟೆಗೆ 40 ಕಿ.ಮೀ. ಆದರೆ ಅದು ಬರೀ ವಾಯುಭಾರ ಕುಸಿತ. ಅಂದರೆ ಒಂದು ಪದವನ್ನು ತಪ್ಪಾಗಿ ಓದಿದರೆ ಚಂಡಮಾರುತವೇ ಚಿಕ್ಕದಾಗಿ ಕಾಣುತ್ತದೆ. ಮಲ್ಪೆಯಿಂದಲೋ ಕಾರವಾರದಿಂದಲೋ ಮೀನುಗಾರಿಕೆಗೆ ಹೊರಟವರಿಗೆ ಇದು ಜೀವದ ಪ್ರಶ್ನೆ.

ದೂರಕ್ಕೂ ಇದೇ ಮಾತು. ಭಾರತದ ಪ್ರಾದೇಶಿಕ ಸಮುದ್ರದ ಗಡಿ ತೀರದಿಂದ 12 ನಾಟಿಕಲ್ ಮೈಲಿ. ಅಂದರೆ 12 ಕಿ.ಮೀ. ಅಲ್ಲ, ಸುಮಾರು 22 ಕಿ.ಮೀ.

ನೆನಪಿಡಲು ಸುಲಭ ದಾರಿ

ನಾಟ್ ಎಂದು ಕಂಡರೆ ಆ ಸಂಖ್ಯೆಯನ್ನು ದುಪ್ಪಟ್ಟು ಮಾಡಿ. ನಿಜವಾದ ಕಿಲೋಮೀಟರ್ ವೇಗಕ್ಕಿಂತ ತುಸು ಹೆಚ್ಚು ಬರುತ್ತದೆ, ಆದರೆ ಎಚ್ಚರಿಕೆಯ ವಿಷಯದಲ್ಲಿ ಹೆಚ್ಚು ಅಂದಾಜಿಸುವುದೇ ಕ್ಷೇಮ. ಫಾರ್ವರ್ಡ್ ಮಾಡುವವರು ನಾಟ್ ಎಂಬ ಪದವನ್ನು ಬಿಟ್ಟು ಬರೀ ಸಂಖ್ಯೆ ಕಳಿಸಬೇಡಿ. ಹವಾಮಾನ ಇಲಾಖೆಯ ಮೂಲ ಪ್ರಕಟಣೆಯನ್ನು ಒಮ್ಮೆ ನೋಡಿ, ಬಳಿಕವೇ ಹಂಚಿಕೊಳ್ಳಿ.